ಮೂರು ಸಲ ಬಾರಿಸಿದ ಫೋನು

ಆಗ ನನಗೆ ಐವತ್ತಾರು. ಇದಾಗಿ ಹದಿನಾರು ವರ್ಷವಾಯಿತು. ನನ್ನ ಸೊಸೆ ಕಸ್ತೂರಿಯ ಕೈಗೆ ಬಂದಿದ್ದ ಕೆಲಸ ತಪ್ಪಿಸಿದವಳು ನಾನು. ಅವಳಿಗೂ ಅವಳ ಅಕ್ಕ ಶಾಂತಾಳಿಗೂ ಮಾತು ಬಿಡಿಸಿದವಳೂ ನಾನು. ಅದೂ ಎಂಥದಕ್ಕೆ — ಮೊಬೈಲಿನಲ್ಲಿ ಬಣ್ಣದ ಉಂಡೆ ಒತ್ತುವ ಒಂದು ಆಟಕ್ಕೆ.

ನನಗೆ ನಾಲ್ಕಕ್ಷರ ಕಲಿಸಿದವಳು ಕಸ್ತೂರಿಯೇ, ಒಲೆಯ ಮುಂದೆ ಬೂದಿ ಹರಡಿ, ನನ್ನ ಬೆರಳು ಹಿಡಿದು. ಒತ್ತು, ದೀರ್ಘ ತಪ್ಪಿದ್ದರೆ ಅವಳೇ ತಿದ್ದಲಿ. ಇದನ್ನು ಮೊದಲು ಓದುವವಳೂ ಅವಳೇ.

ಆ ಫೋನು ಅವಳದು, ಗುಂಡಿಗಳಿದ್ದದ್ದು. ಆಟ ಹಚ್ಚಿದರೆ ಹಾಡು ಬರುತ್ತದೆ. ಮೇಲಿನಿಂದ ಕೆಂಪು, ಹಳದಿ, ನೀಲಿ ಉಂಡೆಗಳು ಇಳಿಯುತ್ತವೆ. ಕೆಳಗಿನ ಗೆರೆ ಮುಟ್ಟಿದಾಗ ಸರಿಯಾಗಿ ಅದರದರ ಗುಂಡಿ ಒತ್ತಬೇಕು. ಬೇಗ ಒತ್ತಿದರೂ ತಪ್ಪು, ತಡವಾದರೂ ತಪ್ಪು. ಬಹಳ ತಪ್ಪಿದರೆ ಹಾಡು ನಿಂತುಬಿಡುತ್ತದೆ. ಅಷ್ಟೇ ಆಟ.

ಕಸ್ತೂರಿ ಆಡಲು ಕುಂತರೆ ನಾನು ಬೈಯುತ್ತಿದ್ದೆ. "ಆ ಡಬ್ಬಿ ಒತ್ತಕೋತ ಕುಂತ್ರ ರೊಟ್ಟಿ ಯಾರ ಬಡೀತಾರ? ನಿಮ್ಮವ್ವ ಯಂಕಂಚಿಯಿಂದ ಬರ್ತಾಳೇನು?"

ಅವಳು ತಲೆ ಎತ್ತದೆ ನಗುತ್ತಿದ್ದಳು. "ನೀವೂ ಒಂದ್ಸಲ ಒತ್ತಿ ನೋಡ್ರಿ ಅತ್ತಿ, ಬೈಯೂದು ಮರೀತೀರಿ."

ಮರೆತೆ. ಅವಳು ಬಾವಿಗೆ ಹೋದಾಗ ಕದ್ದು ಆಡಿದೆ, ಮತ್ತೆ ಆಡಿದೆ. ನಲವತ್ತು ವರ್ಷ ಜೋಳದ ರೊಟ್ಟಿ ಬಡಿದ ಕೈ ಇದು. ಒಂದು ಕೈ ಬಡಿಯುತ್ತದೆ, ಒಂದು ಕೈ ತಿರುಗಿಸುತ್ತದೆ, ಲೆಕ್ಕ ಬಾಯಲ್ಲಿಲ್ಲ, ಅಂಗೈಯಲ್ಲಿ. ಅದಕ್ಕೂ ಹಿಂದೆ, ಮೋರಟಗಿಯಲ್ಲಿ ನಾನು ಹುಡುಗಿಯಾಗಿದ್ದಾಗ, ಬೆಳದಿಂಗಳಲ್ಲಿ ಎಂಟು ಜನ ಗೆಳತಿಯರು ಕೋಲು ಹಿಡಿದು ಆಡುತ್ತಿದ್ದೆವು. ನನ್ನ ಕೋಲು ಒಮ್ಮೆಯೂ ತಪ್ಪಿದ್ದಿಲ್ಲ. ಮದುವೆಯಾದ ಮೇಲೆ ಕೋಲು ಮುಟ್ಟಿದ್ದಿಲ್ಲ. ಆ ಪುಟ್ಟ ಗುಂಡಿಗಳ ಮೇಲೆ ಹೆಬ್ಬೆರಳು ಕುಣಿದಾಗ — ಸುಳ್ಳು ಯಾಕೆ ಹೇಳಲಿ, ಆ ಹಾಡು ಈಗಲೂ ಕಿವಿಯಲ್ಲಿದೆ.

ಆಗ ಫೋನಿನಲ್ಲಿ ಮಾತಾಡುವುದು ಕಡಿಮೆ, ಮಿಸ್ ಕಾಲ್ ಕೊಡುವುದೇ ಹೆಚ್ಚು. ಒಂದು ಸಲ ಬಾರಿಸಿದರೆ — ಆರಾಮ ಇದ್ದೇವೆ. ಮೂರು ಸಲ ಬಾರಿಸಿದರೆ — ಇದ್ದಂತೆ ಹೊರಟು ಬಾ. ಈ ಕಡೆಯವರು ಕೆಂಪು ಗುಂಡಿ ಒತ್ತಿ ಕತ್ತರಿಸಿದರೆ — ತಿಳಿಯಿತು. ಎಲ್ಲರ ಮನೆಯಲ್ಲೂ ಇದೇ ಕಾಯಿದೆ.

ಕಸ್ತೂರಿ ದಿನಾ ಲಿಂಬೆ ತೋಟಕ್ಕೆ ಹೋಗುತ್ತಿದ್ದಳು, ಹಣ್ಣು ಬಿಡಿಸಲು. ಲಿಂಬೆಯ ಮುಳ್ಳು ಅಂದರೆ ಸೂಜಿ. ಇಂಡಿ ಊರಿನ ಒಂದು ಹಾಸ್ಟೆಲ್ಲಿನಲ್ಲಿ ಅಡುಗೆಯ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಶಾಂತಾ ಇದ್ದದ್ದು ಇಂಡಿಯಲ್ಲೇ. ಕಸ್ತೂರಿಯ ಹೆಸರು ಬಂದರೆ ಅವಳು ಮೂರು ಸಲ ಬಾರಿಸುವುದು, ಇವಳು ಸಂಜೆಯೊಳಗೆ ಹೋಗಿ ಸಹಿ ಮಾಡುವುದು, ಇಲ್ಲದಿದ್ದರೆ ಕೆಲಸ ಮುಂದಿನ ಹೆಸರಿಗೆ. ಮುಂದಿನ ಹೆಸರು ಶಾಂತಾಳ ನಾದಿನಿಯದು.

ಹೆಸರು ಗೊತ್ತಾಗುವ ಆ ದಿನ ಕಸ್ತೂರಿ ತೋಟಕ್ಕೆ ಹೋಗದೆ ಕಾದಳು. ಊಟವಾದ ಮೇಲೆ ಬಟ್ಟೆಯ ಗಂಟು ಎತ್ತಿಕೊಂಡಳು. "ಅತ್ತಿ, ಫೋನ್ ಚಾರ್ಜಿಗಿ ಹಚ್ಚೇನ್ರಿ. ಮೂರು ಸಲ ಬಾರಿಸಿದ್ರ ಒಂದು ಕೂಗು ಹಾಕ್ರಿ, ಓಡಿ ಬರ್ತೇನಿ."

ಬಾವಿ ಒಂದು ಕೂಗಿನ ದೂರ. ಅವಳು ಓಣಿ ದಾಟುವುದನ್ನೇ ಕಾದು ನಾನು ಆಟ ಹಚ್ಚಿದೆ.

ಒಂದರ ಮೇಲೊಂದು ಆಡುತ್ತ ಎಷ್ಟನೆಯದೋ ಹಾಡು ಅರ್ಧ ಆಗಿತ್ತು, ಒಂದು ಉಂಡೆಯೂ ತಪ್ಪಿರಲಿಲ್ಲ. ಫೋನು ಬಾರಿಸಿತು. ಆಟ ತಡೆದು ನಿಂತಿತು, ಮುಂದುವರಿಯಲೆಂದು ಕೆಂಪು ಗುಂಡಿ ಒತ್ತಿದೆ. ಮತ್ತೆ ಬಾರಿಸಿತು — ಒತ್ತಿದೆ. ಮತ್ತೆ — ಒತ್ತಿದೆ. ಮೂರು ಎಂದು ತಿಳಿಯಲಿಲ್ಲ ಎನ್ನಲಾರೆ. ಎಣಿಸುವುದೊಂದೇ ನನ್ನ ಕೈ ಬಲ್ಲ ವಿದ್ಯೆ. ಹಾಡು ಮುಗಿಯಲಿ, ಆಮೇಲೆ ಕೂಗಿದರಾಯಿತು ಅಂದುಕೊಂಡೆ. ಹಾಡು ಮುಗಿಯುವ ಹೊತ್ತಿಗೆ ಕಸ್ತೂರಿ ಹಸಿ ಬಟ್ಟೆ ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಅವಳ ಹೆಜ್ಜೆ ಕೇಳಿದೊಡನೆ ಫೋನು ಗೋಡೆಯ ಗೂಡಿನಲ್ಲಿಟ್ಟಿದ್ದೆ.

"ಫೋನ್ ಬಂದಿತ್ತೇನ್ರಿ?"

"ಇಲ್ಲವಾ. ಸುಮ್ಮ ಬಿದ್ದೈತಿ."

ಇಷ್ಟೇ ಮಾತು. ಬಂದಿತ್ತು ಅಂದರೆ — ಕತ್ತರಿಸಿದವರು ಯಾರು, ಯಾಕೆ ಎಂದು ಕೇಳುತ್ತಿದ್ದಳು. ಬೈಯುತ್ತಿದ್ದ ಅತ್ತೆಯೇ ಕದ್ದು ಆಡುತ್ತಾಳೆ ಎಂದು ಗೊತ್ತಾಗುತ್ತಿತ್ತು. ಒಂದು ನಗು ನಕ್ಕು ಓಡುತ್ತಿದ್ದಳು, ಅಷ್ಟೇ. ಆ ನಗು ನನಗೆ ಬೇಡವಾಗಿತ್ತು. ಇಂಡಿಗೆ ಹೋಗುವ ಮೂರರ ಬಸ್ಸು ಇನ್ನೂ ಬಂದಿರಲಿಲ್ಲ. ಆಮೇಲೆ ಬಂತು, ಓಣಿಯ ತುದಿಯಲ್ಲಿ ಹಾರ್ನ್ ಹೊಡೆಯಿತು, ಹೋಯಿತು. ಅದನ್ನೂ ಕೇಳುತ್ತ ಕುಂತಿದ್ದೆ.

ದೀಪ ಹಚ್ಚುವ ಹೊತ್ತಿಗೆ ಶಾಂತಾಳ ಫೋನು ಬಂತು. ಮಿಸ್ ಕಾಲ್ ಅಲ್ಲ, ಮಾತೇ. ಅವಳು ಒದರುವುದು ನನಗೂ ಕೇಳುತ್ತಿತ್ತು. "ಮೂರೂ ಸಲ ಕಟ್ ಮಾಡಿದಿ. ಬರ್ತಿ ಅಂತ ಐದರ ತನಕ ಬಾಗಲದಾಗ ನಿಂತೆ."

"ಯಾರ ಕಟ್ ಮಾಡ್ಯಾರ? ನನ್ನ ಫೋನಿನ್ಯಾಗ ಒಂದೂ ಮಿಸ್ ಕಾಲ್ ಇಲ್ಲ."

"ನಿಮ್ಮ ಅತ್ತಿ ಮುಟ್ಟಿರಬೇಕ ನೋಡು."

"ನಮ್ಮ ಅತ್ತಿಗಿ ಹಸಿರ ಗುಂಡಿ ಯಾವ್ದು, ಕೆಂಪ ಗುಂಡಿ ಯಾವ್ದು ಗೊತ್ತಿಲ್ಲ. ಅವರ ಹೆಸರು ಯಾಕ ತರ್ತಿ? ನಿನ್ನ ನಾದಿನಿಗಿ ಕೆಲಸ ಬೇಕಾಗಿತ್ತಂದ್ರ ಬಾಯಿಬಿಟ್ಟು ಹೇಳಬೇಕಿತ್ತು."

ಕತ್ತರಿಸಿದ ಕರೆ ಮಿಸ್ ಕಾಲಿನಲ್ಲಿ ಸೇರುವುದಿಲ್ಲ, ಅದು ಅವಳಿಗೆ ಹೊಳೆಯಲಿಲ್ಲ. ನನ್ನ ಪರವಾಗಿ ನಿಂತಳು. ನಾನು ಒಲೆಗೆ ಕಟ್ಟಿಗೆ ಸರಿಸುತ್ತಿದ್ದೆ.

ಅಂದಿನಿಂದ ಅಕ್ಕ ತಂಗಿ ಮಾತಿಲ್ಲ. ಶಾಂತಾಳ ಮಗಳ ಮದುವೆಗೆ ಕಸ್ತೂರಿ ಹೋಗಲಿಲ್ಲ. ತೆಗೆದಿಟ್ಟ ಸೀರೆ ಪೆಟ್ಟಿಗೆಯಲ್ಲೇ ಇದೆ. ಅವಳ ಬೆರಳಲ್ಲಿ ಮುರಿದ ಮುಳ್ಳನ್ನು ಸೂಜಿಯಿಂದ ತೆಗೆಯುತ್ತಿದ್ದವಳು ನಾನೇ. ಕೈ ನನ್ನ ಕೈಯಲ್ಲಿರುವಾಗ ಎಷ್ಟೋ ಸಲ ಹೇಳಬೇಕೆಂದು — ಹೇಳಲಿಲ್ಲ. ಈಗ ನನಗೆ ಮುಳ್ಳು ಕಾಣುವುದಿಲ್ಲ, ಅವಳೇ ತೆಗೆದುಕೊಳ್ಳುತ್ತಾಳೆ. ಕಸ್ತೂರಿ, ಓದಿದ ಮೇಲೆ ಇದನ್ನು ನಿಮ್ಮಕ್ಕನಿಗೆ ಕೊಡು. ಅವಳು ಸುಳ್ಳು ಹೇಳಿದ್ದಿಲ್ಲ.

ಒಂದು ಉಳಿಯಿತು. ಆ ಮರುದಿನ ಮುಂಜಾನೆ ಕಸ್ತೂರಿಗೆ ಬುತ್ತಿ ಕಟ್ಟಿಕೊಟ್ಟೆ. ಅವಳು ಫೋನು ಒಯ್ಯಲಿಲ್ಲ. "ಮನ್ಯಾಗ ಇರ್ಲಿ ಬಿಡ್ರಿ ಅತ್ತಿ. ಇನ್ನ ನನಗ ಯಾರ ಫೋನ್ ಬರೂದೈತಿ" ಅಂದು ತೋಟಕ್ಕೆ ಹೋದಳು. ಅವಳು ಓಣಿ ತಿರುಗಿದ ಮೇಲೆ ಗೂಡಿನಿಂದ ಫೋನು ತೆಗೆದೆ. ಆಟ ಹಚ್ಚಿದೆ. ಹಾಡು ಕೊನೆಯ ತನಕ ನಡೆಯಿತು, ಒಂದು ಉಂಡೆಯೂ ತಪ್ಪಲಿಲ್ಲ.