ಓಬಕ್ಕ ಸೋಡ ಮುಟ್ಟಿರಲಿಲ್ಲ

ಓಬಕ್ಕನ ಬಲಗೈ ಬೆರಳುಗಳನ್ನು ಸುಟ್ಟದ್ದು ಅವಳ ಮನೆಯಲ್ಲಿ ರೇಷ್ಮೆ ಬೇಯಿಸುವ ಸೋಡ ಅಲ್ಲ. ಆಸ್ಪತ್ರೆಯಲ್ಲಿ ಸೋಡವೇ ಎಂದು ಹೇಳಿದವಳು ನಾನು. ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ಗಾಬರಿಯಲ್ಲಿ ಬಾಯಿಗೆ ಬಂತು, ಆಗ ನನಗೆ ಅಷ್ಟು ತಿಳಿವಳಿಕೆ ಇರಲಿಲ್ಲ — ಹೀಗೆಲ್ಲ ನನಗೆ ನಾನೇ ಬಹಳ ವರ್ಷ ಸಮಾಧಾನ ಹೇಳಿಕೊಂಡೆ. ಆ ಸಮಾಧಾನವೂ ಸುಳ್ಳು.

ನಾನು ಪರಶುರಾಂಪುರದ ಕಡೆಯವಳು. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಓದಿದವಳು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು, ಚಳ್ಳಕೆರೆಯಲ್ಲಿ ಬಿ.ಎಸ್ಸಿ. ಮುಗಿಸಿದ್ದ ನನಗೆ ಮೊಳಕಾಲ್ಮೂರಿನ ಹೊರಗೆ, ರಾಂಪುರದ ರಸ್ತೆಯಲ್ಲಿದ್ದ ಒಂದು ಶೀಟಿನ ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ಹೊರಗೆ ನೋಡಿದರೆ ಕಡಲೆಕಾಯಿ ಗೋದಾಮಿನ ಹಾಗೆ ಕಾಣುತ್ತಿತ್ತು. ಒಳಗೆ ಪ್ರಯೋಗಾಲಯ. ಊರಿನಲ್ಲಿ ರೇಷ್ಮೆಗೆ ಬಣ್ಣ ಹಾಕಿದ ಮೇಲೆ ಚರಂಡಿಗೆ ಹೋಗುವ ನೀರಿನಿಂದ ಬಣ್ಣವನ್ನು ಹೊರತೆಗೆಯುವುದು ಅಲ್ಲಿನ ಪ್ರಯತ್ನ. ನಡೆಸುತ್ತಿದ್ದವರು ಹೊರಊರಿನ ರಸಾಯನ ವಿಜ್ಞಾನಿ. ಹದಿನೈದು ದಿನಕ್ಕೊಮ್ಮೆ ಬಂದು ಹೋಗುತ್ತಿದ್ದರು. ಎಲ್ಲರೂ ಅವರನ್ನು ಸಾರ್ ಎಂದೇ ಕರೆಯುತ್ತಿದ್ದೆವು. ಅವರಿಲ್ಲದಾಗ ಶೆಡ್ಡಿಗೆ ನಾನೇ ಯಜಮಾನಿ.

ಆ ಕೆಲಸಕ್ಕೆ ಬಳಸುತ್ತಿದ್ದುದು ಅಯಾನಿಕ ದ್ರವ. ಉಪ್ಪೇ ಅದು — ಆದರೆ ಕರಗಿಸದೆ, ಕಾಯಿಸದೆ, ತನ್ನಷ್ಟಕ್ಕೆ ದ್ರವವಾಗಿರುವ ಉಪ್ಪು. ಹರಳೆಣ್ಣೆಯಷ್ಟು ಮಂದ, ನೀರಿನಷ್ಟು ತಿಳಿ. ಕೆಂಪು ನೀರಿಗೆ ಸುರಿದು ಕುಲುಕಿ ಇಟ್ಟರೆ ತಳಕ್ಕೆ ಇಳಿಯುತ್ತಿತ್ತು. ನೀರಿನ ಕೆಂಪೆಲ್ಲ ಅದರ ಜೊತೆಗೆ ಇಳಿಯುತ್ತಿತ್ತು. ಮೊದಲ ಸಲ ನೋಡಿದಾಗ ನಾನು ಚಪ್ಪಾಳೆ ತಟ್ಟಿದ್ದೆ. ವಾಸನೆಯಿಲ್ಲ, ಆವಿಯಾಗುವುದಿಲ್ಲ, ಸುಲಭಕ್ಕೆ ಬೆಂಕಿ ಹಿಡಿಯುವುದಿಲ್ಲ. ಇಷ್ಟು ಸಾಧುವಾದ ರಾಸಾಯನಿಕ ಇನ್ನೊಂದಿಲ್ಲ ಅನ್ನಿಸಿಬಿಟ್ಟಿತು.

ಡಬ್ಬಿಯ ಜೊತೆ ಇಂಗ್ಲಿಷಿನಲ್ಲಿ ಸುರಕ್ಷತೆಯ ಹಾಳೆಗಳು ಬಂದಿದ್ದವು. "ಇದನ್ನ ಪೂರ್ತಿ ಓದಿ, ಕೆಲಸದವರಿಗೆ ಅರ್ಥ ಆಗೋ ಹಾಗೆ ಕನ್ನಡದಲ್ಲಿ ಬರೆದು ಗೋಡೆಗೆ ಹಾಕಿ. ಗ್ಲೌಸು, ಮುಲಾಮು ತರಿಸಿಡಿ," ಎಂದು ಸಾರ್ ಹೇಳಿ ಹೋದರು. ಓದಿದೆ. ಎಲ್ಲವನ್ನೂ ಓದಿದೆ. ನಾಲ್ಕನೇ ಪುಟದಲ್ಲಿತ್ತು — ಈ ದ್ರವವನ್ನು ನೀರಿನೊಂದಿಗೆ, ಅದರಲ್ಲೂ ಹುಳಿಯಿರುವ ನೀರಿನೊಂದಿಗೆ, ಬಹಳ ಹೊತ್ತು ಕಾಯಿಸಿದರೆ ಅದು ಒಡೆದು ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟಬಹುದು. ಚರ್ಮಕ್ಕೆ ತಗುಲಿದರೆ ತಕ್ಷಣ ನೋಯದು. ಒಳಗೊಳಗೇ ಇಳಿದು ಮೂಳೆಯವರೆಗೂ ಹೋಗಬಲ್ಲದು. ನೋವಿಗಾಗಿ ಕಾಯದೆ ನೀರಿನಲ್ಲಿ ಚೆನ್ನಾಗಿ ತೊಳೆದು, ಕ್ಯಾಲ್ಸಿಯಂ ಮುಲಾಮು ಹಚ್ಚಿ, ವೈದ್ಯರಿಗೆ ಆಮ್ಲದ ಹೆಸರು ಹೇಳಬೇಕು.

ನಾನು ಗೋಡೆಗೆ ಬರೆದು ಹಾಕಿದ್ದು ನಾಲ್ಕೇ ಸಾಲು. ವಾಸನೆ ಇಲ್ಲ. ಆವಿಯಾಗುವುದಿಲ್ಲ. ಬೆಂಕಿ ಹತ್ತುವುದಿಲ್ಲ. ಕೆಲಸವಾದ ಮೇಲೆ ಕೈ ತೊಳೆದುಕೊಂಡರೆ ಸಾಕು. ಕೊನೆಯ ಸಾಲು ಯಾವ ಪುಟದಲ್ಲೂ ಇರಲಿಲ್ಲ, ಅದು ನನ್ನದು.

ಏಕೆ ಹಾಗೆ ಮಾಡಿದೆ? ಕೆಲಸಕ್ಕೆ ಸೇರಿದ ಮೊದಲ ಎರಡು ತಿಂಗಳು ಗಾಜಿನ ಪಾತ್ರೆಗಳನ್ನೆಲ್ಲ ನಾನೇ ತೊಳೆಯುತ್ತಿದ್ದೆ. ಕೆಲಸಕ್ಕೆಂದು ಬಂದ ಇಬ್ಬರು ಹೆಂಗಸರು 'ಆಸಿಡ್' ಎಂಬ ಮಾತು ಕೇಳಿಯೇ ವಾಪಸು ಹೋಗಿದ್ದರು. ಡಿಗ್ರಿ ಓದಿದವಳು ಮುಸುರೆ ತಿಕ್ಕುವುದೇ ಎಂಬ ಸಿಟ್ಟು ನನಗೆ. ಮೂರನೆಯವಳೂ ಹೆದರಿ ಹೋದರೆ — ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ಮೂರನೆಯವಳಾಗಿ ಬಂದವಳು ಓಬಕ್ಕ. ಗಂಡ ತಿಪ್ಪೇಸ್ವಾಮಿ ಮಗ್ಗದಲ್ಲಿ ಸೀರೆ ನೇಯುತ್ತಿದ್ದ; ಅವನ ಲಾಳಿಗೆ ರೇಷ್ಮೆ ಎಳೆ ಸುತ್ತಿಕೊಡುವುದು ಇವಳ ಕೆಲಸ. ಬೆಳಿಗ್ಗೆ ನಮ್ಮಲ್ಲಿ ಪಾತ್ರೆ ತೊಳೆದು, ಮಧ್ಯಾಹ್ನ ಹೋಗಿ ಎಳೆ ಸುತ್ತುತ್ತಿದ್ದಳು. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ ಕಡಿದರೂ ಬೆರಳ ತುದಿಯಲ್ಲೇ ತುಂಡು ಹುಡುಕಿ ಹೊಸೆದುಬಿಡುತ್ತಾಳೆ ಎಂದು ಊರಿನಲ್ಲಿ ಹೆಸರಿತ್ತು. ಓದು ಬರಹ ಬಾರದು. ಗೋಡೆಯ ಹಾಳೆಯನ್ನು ತೋರಿಸಿ, "ಏನು ಬರ್ದೈತೆ ಮೇಡಮ್ಮ?" ಎಂದಳು. ಓದಿ ಹೇಳಿದೆ. "ಅಷ್ಟೇನಾ! ನೀವು ಹೇಳಿದ್ರೆ ಆತು ಬಿಡ್ರಿ," ಎಂದು ಸೆರಗು ಸಿಕ್ಕಿಸಿದಳು. ಗ್ಲೌಸು ನಾನು ತರಿಸಿರಲಿಲ್ಲ. ಮುಲಾಮನ್ನೂ.

ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ ಅವಳು ಒಂದು ಗುಂಡು ಪಾತ್ರೆಯನ್ನು ಬೆಳಕಿಗೆ ಹಿಡಿದು ಕೇಳಿದಳು.

"ಮೇಡಮ್ಮ, ಈ ಗಾಜು ಯಾಕೋ ಮಬ್ಬಾಗೈತಲ್ಲ. ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ."

ಕೈಗೆ ತೆಗೆದುಕೊಂಡೆ. ಬಣ್ಣ ಹೀರಿದ ದ್ರವದಲ್ಲಿ ಉಳಿದ ನೀರನ್ನು — ಬಣ್ಣ ಕಚ್ಚಲೆಂದು ಆಮ್ಲ ಬೆರೆಸಿದ ಹುಳಿನೀರು ಅದು — ಇಂಗಿಸಲು ಅದನ್ನು ಆ ಪಾತ್ರೆಯಲ್ಲಿ ದಿನಗಟ್ಟಲೆ ಕಾಯಿಸುತ್ತಿದ್ದೆವು. ಒಳಮೈ ಮಂಜು ಕವಿದ ಹಾಗೆ ಬೆಳ್ಳಗಾಗಿತ್ತು. ಉಗುರಿನಿಂದ ಕೆರೆದೆ, ಏಳಲಿಲ್ಲ. ಬೆರಳಾಡಿಸಿದೆ — ತರಿತರಿ. ಗಾಜನ್ನು ತಿನ್ನುವ ಆಮ್ಲ ಯಾವುದು ಎಂದು ಕಾಲೇಜಿನಲ್ಲಿ ಓದಿದ್ದೆ. ನಾಲ್ಕನೇ ಪುಟದಲ್ಲಿದ್ದದ್ದೂ ಅದೇ. ಆದರೆ ಮಾರನೇ ದಿನ ಸಾರ್ ಯಾರೋ ದೊಡ್ಡವರನ್ನು ಕರೆತಂದು ನಮ್ಮ ಕೆಲಸ ತೋರಿಸುವವರಿದ್ದರು. ಪಾತ್ರೆಗಳೆಲ್ಲ ತೊಳೆದು ಸಿದ್ಧವಾಗಬೇಕಿತ್ತು.

"ಬೋರ್ ನೀರಿನ ಉಪ್ಪು ಕಣಕ್ಕ. ಉಜ್ಜು, ಹೋಗುತ್ತೆ," ಎಂದೆ.

ಅವಳು ಉಜ್ಜಿದಳು. ಉಳಿದ ಪಾತ್ರೆಗಳ ತಳದಲ್ಲಿ ನಿಂತಿದ್ದ ದ್ರವವನ್ನು ಬೆರಳಿನಿಂದಲೇ ಬಳಿದು ಡಬ್ಬಿಗೆ ಹಾಕಿದಳು — ನಾನು ನೋಡುತ್ತಿದ್ದೆ. ಒಂದು ಮಾತು, ಬೇಡ ಎನ್ನುವ ಒಂದೇ ಒಂದು ಮಾತು... ಹೇಳಲಿಲ್ಲ. ಕೈ ತೊಳೆದುಕೊಂಡು ನಗುತ್ತಾ ಹೋದಳು.

ಮಾರನೇ ದಿನ ಅವಳು ಬರಲಿಲ್ಲ. ಬಂದ ದೊಡ್ಡವರು ಮೆಚ್ಚಿ ಹೋದರು. ಅದರ ಮಾರನೇ ದಿನ ಬೆಳಿಗ್ಗೆ ಓಬಕ್ಕ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಬಂದು ಬಾಗಿಲಲ್ಲೇ ಕೂತಳು. ತೋರುಬೆರಳು, ನಡುಬೆರಳಿನ ತುದಿ ಬೆಂದ ಆಲೂಗಡ್ಡೆಯ ಹಾಗೆ ಬಿಳಿಚಿ, ಉಗುರಿನ ಕೆಳಗೆ ಕಪ್ಪಾಗಿದ್ದವು. "ಒಳಗೆ ಯಾರೋ ಸೂಜಿ ಹಾಕಿ ತಿರುವಿದಂಗೆ ಆಗ್ತೈತೆ ಮೇಡಮ್ಮ. ಏನಾತು ನಂಗೆ?"

ಮೊಳಕಾಲ್ಮೂರಿನಲ್ಲೇ ಆಸ್ಪತ್ರೆ ಇತ್ತು. ನಾನು ಅವಳನ್ನು ಚಳ್ಳಕೆರೆಯ ಬಸ್ಸು ಹತ್ತಿಸಿದೆ. ಅದು ದೊಡ್ಡ ಊರು, ಅಲ್ಲಿ ಚೆನ್ನಾಗಿ ನೋಡುತ್ತಾರೆ ಎಂದೆ. ನಿಜವೆಂದರೆ ನಮ್ಮ ಶೆಡ್ಡು ಯಾವುದು, ಅಲ್ಲಿ ಏನು ಮಾಡುತ್ತೇವೆ ಎಂದು ಚಳ್ಳಕೆರೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಬಸ್ಸು ಕುಲುಕಿದಾಗಲೆಲ್ಲ "ಅವ್ವಾ" ಎನ್ನುತ್ತಿದ್ದಳು. ನಾನು ತಲೆ ಸವರುತ್ತಿದ್ದೆ. ಎಂಥ ಕೈ ಅದು, ಸವರುತ್ತಿದ್ದ ಕೈ.

ವೈದ್ಯರು ಬೆರಳು ನೋಡಿ, "ಏನು ಮುಟ್ಟಿದ್ದೆಯಮ್ಮ?" ಎಂದು ಕೇಳಿದರು.

ಓಬಕ್ಕ ನನ್ನ ಮುಖ ನೋಡಿದಳು.

"ನೇಕಾರರ ಮನೆ ಸಾರ್. ರೇಷ್ಮೆ ಬೇಯಿಸೋ ಸೋಡ ಮುಟ್ಟಿರಬೇಕು," ಎಂದೆ.

ಅವರು ಸೋಡದ ಸುಟ್ಟಗಾಯಕ್ಕೆ ಮಾಡಬೇಕಾದ್ದನ್ನು ಮಾಡಿದರು. ತಪ್ಪು ಅವರದಲ್ಲ, ಹೇಳಿದ್ದಕ್ಕೆ ಔಷಧಿ ಕೊಟ್ಟರು. ಆಮ್ಲದ ಹೆಸರು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಅವರು ಬೇರೆ ಚಿಕಿತ್ಸೆ ಮಾಡುತ್ತಿದ್ದರು, ಇಲ್ಲವೇ ಗೊತ್ತಿದ್ದವರಲ್ಲಿಗೆ ಕಳಿಸುತ್ತಿದ್ದರು. ತಡವಾಗಿತ್ತು, ನಿಜ. ಪೂರ್ತಿ ತಡವಾಗಿತ್ತೇ? — ಈ ಪ್ರಶ್ನೆಯನ್ನು ಬಿಟ್ಟು ನಾನು ಒಂದು ದಿನವೂ ಬದುಕಿಲ್ಲ.

ಕೆಲವೇ ವಾರಗಳಲ್ಲಿ ಎರಡು ಬೆರಳುಗಳ ಮೇಲಿನ ಗೆಣ್ಣು ತೆಗೆಯಬೇಕಾಯಿತು. ನೋಡಲು ಹೋದಾಗ ಅವಳ ಅತ್ತೆ ನನ್ನೆದುರಿಗೇ ಅವಳನ್ನು ತೆಲುಗಿನಲ್ಲಿ ಬೈದಳು — "ಚೂಸಿ ಪನಿ ಚೇಸುಕೋಲೇವಾ?" ನೋಡಿಕೊಂಡು ಕೆಲಸ ಮಾಡಲು ಬರುವುದಿಲ್ಲವೇ ಎಂದು. ಎಳೆ ಸುತ್ತುವವರಿಲ್ಲದೆ ಮಗ್ಗ ನಿಂತಿತ್ತು. ಗಂಡನ ಮುಖ ಬಿಗಿದಿತ್ತು. ಓಬಕ್ಕ ತಲೆತಗ್ಗಿಸಿ ಹೇಳಿದಳು: "ಸೋಡದ ಗಡಿಗೆ ಮುಟ್ಟಿದ್ದು ನಂಗೆ ನೆಪ್ಪೇ ಇಲ್ಲ. ಎಲ್ಲೋ ಮೈಮರ್ತು ಮುಟ್ಟಿರ್ಬೇಕು ಬಿಡ್ರಿ." ನನ್ನ ಸುಳ್ಳನ್ನು ಅವಳು ತನ್ನ ನೆನಪನ್ನಾಗಿ ಮಾಡಿಕೊಂಡುಬಿಟ್ಟಿದ್ದಳು. ನಾನು ಅವರು ಕೊಟ್ಟ ಕಾಫಿ ಕುಡಿದು ಬಂದೆ.

ಇನ್ನೂ ಒಂದನ್ನು ಹೇಳಬೇಕು. ಆಸ್ಪತ್ರೆಯಿಂದ ಬಂದ ಮರುದಿನವೇ ಗೋಡೆಯ ಹಾಳೆ ಹರಿದು, ನಾಲ್ಕನೇ ಪುಟದ ಒಂದಕ್ಷರವೂ ಬಿಡದೆ ಹೊಸದು ಬರೆದು ಹಾಕಿದ್ದೆ. ಗ್ಲೌಸೂ ಮುಲಾಮೂ ತರಿಸಿ ಎದುರಿಗೇ ಇಟ್ಟಿದ್ದೆ. ಸಾರ್ ಬಂದು ಓದಿ, "ಬಹಳ ಚೆನ್ನಾಗಿ ಬರೆದಿದ್ದೀರಿ," ಎಂದರು. ಓಬಕ್ಕನ ವಿಷಯ ಕೇಳಿದಾಗ, ಮನೆಯಲ್ಲಿ ಏನೋ ಆಯಿತಂತೆ ಎಂದೆ.

ಶೆಡ್ಡು ಬೇಗನೆ ಮುಚ್ಚಿತು. ನಾನು ಚಳ್ಳಕೆರೆಯಲ್ಲಿ ವಿಜ್ಞಾನದ ಮೇಡಂ ಆದೆ. ಮದುವೆ, ಮಕ್ಕಳು, ಎಲ್ಲ ಆಯಿತು. ಕಳೆದ ತಿಂಗಳು ಮೊಳಕಾಲ್ಮೂರಿನ ಹೆಂಗಸೊಬ್ಬರು ಬಸ್ಸಿನಲ್ಲಿ ಪಕ್ಕ ಕೂತು, ನನ್ನ ಗುರುತು ಹಿಡಿದು, "ಓಬಕ್ಕ ಈಗ್ಲೂ ನಿಮ್ಮನ್ನ ನೆನೆಸ್ತಾಳ್ರಿ. ಹೆತ್ತ ತಾಯಿ ಹಂಗೆ ಆಸ್ಪತ್ರೆಗೆ ಕರ್ಕಂಡೋದ್ರು ಅಂತ," ಎಂದರು. ಆ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಮುಂದಿನ ಭಾನುವಾರವೇ ಹೋದೆ.

ಓಬಕ್ಕ ಜಗಲಿಯ ಮೇಲೆ ಹುಣಸೆ ಬಿಡಿಸುತ್ತಿದ್ದಳು, ಎಡಗೈಯಲ್ಲಿ. ಕಂಡೊಡನೆ ಎದ್ದು ಚಾಪೆ ಹಾಸಿದಳು. ಕೂರದೆ, ನಿಂತೇ ಎಲ್ಲವನ್ನೂ ಹೇಳಿದೆ. ಹಾಳೆಯಲ್ಲಿ ಏನಿತ್ತು, ನಾನು ಏನು ಬಿಟ್ಟೆ, ಗಾಜು ಏಕೆ ಮಬ್ಬಾಗಿತ್ತು, ಆಸ್ಪತ್ರೆಯಲ್ಲಿ ಏಕೆ ಸುಳ್ಳು ಹೇಳಿದೆ. ಕ್ಷಮಿಸು ಎನ್ನಲಿಲ್ಲ. ಅದನ್ನು ಕೇಳುವ ಹಕ್ಕು ನನಗಿಲ್ಲ ಎಂದು ಮನೆಯಿಂದಲೇ ತೀರ್ಮಾನಿಸಿ ಹೊರಟಿದ್ದೆ.

ಅವಳು ತನ್ನ ಬಲಗೈ ನೋಡಿಕೊಂಡಳು. ಆಮೇಲೆ ಕೇಳಿದಳು: "ಅವತ್ತು ದವಾಖಾನೇಲಿ ನಿಜ ಹೇಳಿದ್ರೆ ಬೆರಳು ಉಳೀತಿತ್ತಾ?"

"ಉಳಿಯಬಹುದಿತ್ತು ಓಬಕ್ಕ."

ಅವಳು ಒಳಗೆ ತಿರುಗಿ ಗಂಡನನ್ನು ಕೂಗಿದಳು. ತಿಪ್ಪೇಸ್ವಾಮಿ ಹೊರಗೆ ಬಂದ. ತಲೆ ಪೂರ್ತಿ ನರೆತಿತ್ತು.

"ಇವ್ನ ಮುಂದೆ ಹೇಳ್ರಿ," ಎಂದಳು. "ನಾನು ಸೋಡ ಮುಟ್ಟಿರ್ಲಿಲ್ಲ ಅಂತ ಹೇಳ್ರಿ. ಇಷ್ಟು ವರ್ಷ ಈ ಮನೇಲಿ ನಾನು ಎಚ್ಚರ ಇಲ್ಲದೋಳು."

ಹೇಳಿದೆ. ಮೊದಲಿಂದ ಕೊನೆಯವರೆಗೆ ಇನ್ನೊಮ್ಮೆ. ಪಕ್ಕದ ಮನೆಯವರೂ ಬಂದು ನಿಂತರು. ಅವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ. ತಿಪ್ಪೇಸ್ವಾಮಿ ನನ್ನ ಕಡೆ ನೋಡಲಿಲ್ಲ. ಹೆಂಡತಿಯ ಕಡೆ ನೋಡಲು ಅವನಿಗೆ ಆಗಲಿಲ್ಲ.

"ಅತ್ತೆ ಸತ್ತೋದ್ಲು," ಎಂದಳು ಓಬಕ್ಕ, ಮೆಲ್ಲಗೆ. "ಸಾಯೋ ತನಕ ನನ್ನ ಹಂಗೇ ಅಂತಿದ್ಲು. ಅವಳಿಗೆ ಯಾರು ಹೇಳ್ತಾರೆ ಮೇಡಮ್ಮ?"