ಓಲೆ ಬಿಚ್ಚದವಳು

ಆದವಾನಿಯಲ್ಲಿ ನನ್ನ ಗೋಡೆಯ ಆಚೆ ಒಬ್ಬ ರೊಟ್ಟಿಯವಳಿದ್ದಳು. ಹತ್ತಿ ಮಿಲ್ಲಿನ ಆಳುಗಳಿಗೆ ಜೋಳದ ರೊಟ್ಟಿ ಬಡಿದು ಮಾರಿ ಮನೆ ನಡೆಸುತ್ತಿದ್ದಳು. ಏನು ಹೇಳಿದರೂ "ಆಮ್ಯಾಲೆ ನೋಡೋಣ ಬಿಡಕ್ಕಾ" ಅನ್ನುವಳು.

ಕೀಲುವಾತ ಬಂದು ಅವಳ ಬೆರಳೆಲ್ಲ ಬಾತವು. ಬೆಳಿಗ್ಗೆ ಬಿಸಿನೀರಿನ ಚೆಂಬಿಗೆ ಕೈ ಒತ್ತಿಕೊಂಡು ಕೂತಿರುತ್ತಿದ್ದಳು. ಬಳ್ಳಾರಿಯ ದವಾಖಾನೆಯವರು ಒಂದು ಸಣ್ಣ ಮಶೀನು ಕೊಟ್ಟರು. ಅದರ ಕ್ಲಿಪ್ಪು ದಿನಕ್ಕೊಂದು ತಾಸು ಕಿವಿಗೆ ಹಾಕಿದರೆ ಅಲ್ಲಿನ ನರಕ್ಕೆ ಸಣ್ಣಗೆ ಕರೆಂಟು ಹೋಗಿ ಕೀಲಿನ ಬಾವು ಇಳಿಯಬಹುದು, ಖಾತ್ರಿ ಇಲ್ಲ, ಓಲೆ ಮಾತ್ರ ಬಿಚ್ಚಿರಬೇಕು ಎಂದರು.

ಗಂಡ ಬದುಕಿರುವಾಗ ಕಿವಿ ಬರಿದು ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಅವಳ ಗಂಡನೋ ಹಾಸಿಗೆ ಹಿಡಿದಿದ್ದ.

"ತೆಗಿಯೇ, ಒಂದು ತಾಸಿಗೆ ನಾನೇನು ಸಾಯಂಗಿಲ್ಲ," ಎಂದು ಅವನೇ ನಕ್ಕ.

"ಆಮ್ಯಾಲೆ ನೋಡೋಣ ಬಿಡ್ರಿ," ಎಂದು ಮಶೀನನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಳು.

ಎರಡು ಮಳೆಗಾಲ ಕಳೆದು ಅವನು ಸತ್ತ. ಅಷ್ಟರಲ್ಲಿ ಅವಳ ಬೆರಳುಗಳು ಒಂದೇ ಕಡೆ ವಾಲಿ ಸೊಟ್ಟಗಾಗಿದ್ದವು. ಓಲೆ ತೆಗೆಯುವ ದಿನ ತಿರುಪು ಬಿಚ್ಚಲು ಅವಳ ಕೈಲಿ ಆಗಲಿಲ್ಲ. ನಾನೇ ಬಿಚ್ಚಿದೆ.

"ಕಿವಿ ಖಾಲಿ ಆತಲ್ಲ, ಈಗರ ಆ ಮಶೀನು ಹಾಕ್ಕೋ," ಎಂದೆ.

ಅವಳು ಕಿವಿಯನ್ನು ನನ್ನ ಕಡೆ ತಿರುಗಿಸಿದಳು. ಕ್ಲಿಪ್ಪನ್ನೂ ನಾನೇ ಹಾಕಿದೆ.

ಕೆಲವು ತಿಂಗಳಿಗೆ ಬಾವು ಇಳಿಯಿತು, ನೋವೂ ತಗ್ಗಿತು. ಸೊಟ್ಟಗಾದ ಬೆರಳು ಮಾತ್ರ ಹಾಗೇ ಉಳಿದವು. ಅವಳು ಇರುವ ತನಕ ಅವಳಿಗೆ ರೊಟ್ಟಿ ಬಡಿದು ಕೊಟ್ಟವಳು ನಾನು. ಎರಡೂ ಅಂಗೈ ಕೂಡಿಸಿ ರೊಟ್ಟಿಯನ್ನು ಎತ್ತಿ ನೋಡುತ್ತಿದ್ದಳು.

"ದಪ್ಪ ಆಗೇತಕ್ಕಾ," ಎನ್ನುತ್ತಿದ್ದಳು.