ಹೆಸರಿನ ಹಿಂದಿನ ಅಕ್ಷರ

ತಿಪಟೂರಿನ ಟಿ. ಮಂದಾಕಿನಿ ಗಂಡನಿಗೆ ಬಾಹ್ಯಾಕಾಶ ಕೇಂದ್ರಕ್ಕೆ ವರ್ಗವಾದಾಗ ತಿರುವನಂತಪುರಕ್ಕೆ ಬಂದವರು. ಹದಿನೇಳು ವರ್ಷವಾಯಿತು. ಕಳಕ್ಕೂಟಂನ ಅವರ ಸಾಫ್ಟ್‌ವೇರ್ ಕಂಪನಿಯಲ್ಲಿ ಪರ್ಲ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆ ಬಲ್ಲವರು ಈಗ ಅವರೊಬ್ಬರೇ.

ಕಳೆದ ಮಾರ್ಚಿನ ಶುಕ್ರವಾರ ಕೊಚ್ಚಿಯಿಂದ ಫೋನ್ ಬಂತು. ಏಲೂರಿನ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಸೋಮವಾರ ವಾರ್ಷಿಕ ದುರಸ್ತಿ ಶುರು. ಮಂದಾಕಿನಿಯವರ ಪ್ರೋಗ್ರಾಂ ತಯಾರಿಸಿದ ಗೇಟ್ ಪಾಸ್ ಪಟ್ಟಿಯಲ್ಲಿ ರಾಮದಾಸ ಕೆ., ರಾಮದಾಸ ಪಿ. ಎಂಬ ಇಬ್ಬರು ವೆಲ್ಡರುಗಳು ಸೇರಿ ಒಬ್ಬನಾಗಿದ್ದರು. ಕಲೂರಿನ ರಾಮದಾಸ ಕೆ. ಕಳೆದ ವರ್ಷವೂ ಗೇಟಿನಿಂದಲೇ ವಾಪಸಾಗಿದ್ದ. ಈ ಸಲವೂ ಪಾಸ್ ಸಿಗದಿದ್ದರೆ ಗುತ್ತಿಗೆದಾರ ಅವನನ್ನು ಮತ್ತೆ ಕರೆಯುವಂತಿರಲಿಲ್ಲ.

ಪಕ್ಕದ ಸೀಟಿನ ಅಲ್ವಿನ್ ಮಂಗಳೂರಿನವನು, ಸೇರಿ ಎರಡು ವರ್ಷ. ಹೆಸರುಗಳನ್ನು ಶುದ್ಧ ಮಾಡುವ, ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಲೈಬ್ರರಿಯ ಕೋಡ್ ತೆರೆದು ನಕ್ಕ.

"ಎಂಥ ಮಾರಾಯ್ರೆ ಇದು? ಹೆಸರಿನ ಹಿಂದೆ ಒಂಟಿ ಅಕ್ಷರ ಕಂಡ್ರೆ ಕತ್ತರಿಸಿ ಬಿಸಾಡ್ತದೆ. ಬರೆದವ ಯಾವ ಊರಿನವ?"

"ತಿಪಟೂರಿನೋಳು," ಎಂದರು ಮಂದಾಕಿನಿ. "ನಿನ್ನ ಪಕ್ಕದಲ್ಲೇ ಕೂತಿದ್ದಾಳೆ."

ಬಂದ ಹೊಸದರಲ್ಲಿ ಬರೆದದ್ದು. ಇನಿಷಿಯಲ್ ತಮ್ಮ 'ಟಿ.'ಯ ಹಾಗೆ ಹೆಸರಿನ ಮುಂದೆಯೇ ಇರಬೇಕು, ಹಿಂದೆ ಬಿದ್ದದ್ದು ಟೈಪಿಂಗ್ ತಪ್ಪು ಎಂದುಕೊಂಡಿದ್ದರು. ಈ ಊರಿನಲ್ಲಿ ಅದು ಹಿಂದೆಯೇ ಇರುತ್ತದೆ ಎಂದು ತಿಳಿಯುವ ಹೊತ್ತಿಗೆ ಲೈಬ್ರರಿ ಬೇರೆ ತಂಡದ ಕೈ ಸೇರಿತ್ತು. ಈಗ ಅದರ ಒಂದು ಸಾಲು ತಿದ್ದಲು ಅನುಮತಿ ಸಿಗುವುದಕ್ಕೇ ಮೂರು ವಾರ ಬೇಕು.

ಮಂದಾಕಿನಿ ಲೈಬ್ರರಿಯ ಫೈಲನ್ನು ಮುಟ್ಟಲಿಲ್ಲ. ಪಾಸ್ ಅಚ್ಚು ಮಾಡುವ ತಮ್ಮ ಪ್ರೋಗ್ರಾಂ ಓಡುತ್ತಿರುವಾಗ, ಮೆಮೊರಿಯಲ್ಲಿ ಮಾತ್ರ, ಲೈಬ್ರರಿಯ ಆ ಅಕ್ಷರ ಕತ್ತರಿಸುವ ಕಟ್ಟಳೆಯ ಜಾಗದಲ್ಲಿ ಹೊಸದನ್ನು ಕೂರಿಸಿದರು. ಅಲ್ವಿನ್ ತಡೆದ. ಅದೇ ಪ್ರೋಗ್ರಾಂ ಪಾಸ್ ಅಚ್ಚಾದ ಮೇಲೆ ಹಾಜರಿ ಪಟ್ಟಿಯನ್ನೂ ನೋಡುತ್ತದೆ. ಹಳೆಯ ಹಾಜರಿಯಲ್ಲೆಲ್ಲ ಹೆಸರುಗಳು ಅಕ್ಷರ ಕಳೆದುಕೊಂಡೇ ಕೂತಿವೆ, ತಾಳೆಯಾಗುವುದಿಲ್ಲ.

ಅವರು ತಮ್ಮ ಹೊಸ ಸಾಲಿನ ಮೊದಲಿಗೆ 'ಲೋಕಲ್' ಎಂಬ ಪದ ಸೇರಿಸಿದರು. ಪಾಸಿನ ಕೆಲಸ ಮುಗಿದೊಡನೆ ಹಳೆಯ ಕಟ್ಟಳೆ ತಾನಾಗಿ ಮರಳುತ್ತದೆ.

"ಪರ್ಲ್‌ನಲ್ಲಿ ಲೋಕಲ್ ಅಂದ್ರೆ ಸ್ವಲ್ಪ ಹೊತ್ತು ಇದ್ದು ಹೋಗೋದು ಕಣೋ."

"ನೀವು ಇಲ್ಲಿ ಇದ್ದ ಹದಿನೇಳು ವರ್ಷ ಸ್ವಲ್ಪ ಹೊತ್ತಾ ಅಕ್ಕ?"

ಮಂದಾಕಿನಿ ಪ್ರೋಗ್ರಾಂ ಓಡಿಸಿದರು.

ಸೋಮವಾರ ಏಳೂವರೆಗೆ ಗೇಟಿನಿಂದ ಸಂದೇಶ ಬಂತು: ಇಬ್ಬರು ರಾಮದಾಸರೂ ಒಳಗೆ. ಮಂದಾಕಿನಿ ಲೈಬ್ರರಿ ತಿದ್ದುವ ಅರ್ಜಿ ತೆರೆದರು. ಕಾರಣದ ಜಾಗದಲ್ಲಿ 'ಬರೆದವರಿಗೆ ಊರು ಗೊತ್ತಿರಲಿಲ್ಲ' ಎಂದು ತುಂಬಿ, ಕೆಳಗೆ ಹೆಸರು ಬರೆದರು: ಮಂದಾಕಿನಿ ಟಿ.